'ಮಿ' ಅನ್ನಲು ಇಷ್ಟೊಂದು ನಾಚಿಕೆ ಯಾಕೆ?

ಇಂಗ್ಲಿಷ್ ಚೆನ್ನಾಗಿ ಬಲ್ಲವರ ಬಾಯಲ್ಲೇ ಜಾಸ್ತಿ ಕೇಳುವ ತಪ್ಪೊಂದಿದೆ: 'ಬಿಟ್ವೀನ್ ಯೂ ಅಂಡ್ ಐ'. ಈಗಷ್ಟೇ ಕಲಿಯಲು ಹೊರಟವರು ಹೀಗೆ ಹೇಳುವುದು ಕಡಿಮೆ. ಭಾಷಣ ಮಾಡುವವರು, ಉದ್ದುದ್ದ ಆಫೀಸ್ ಮೇಲ್ ಬರೆಯುವವರು ಹೇಳುತ್ತಾರೆ. ಅದೂ ಒಳ್ಳೆ ಠೀವಿಯಿಂದ! ಅಲ್ಲಿ ಬರಬೇಕಾದದ್ದು 'ಯೂ ಅಂಡ್ ಮಿ'. ಆದರೆ 'ಮಿ' ಅಂದರೆ ಏನೋ ಒರಟು, ಓದದವರ ಮಾತು ಅನ್ನುವ ಭಾವನೆ ಎಷ್ಟೋ ಜನರಲ್ಲಿ ಕೂತುಬಿಟ್ಟಿದೆ.

ನನ್ನ ಪ್ರಕಾರ ಇದು ವ್ಯಾಕರಣ ಕಲಿಸದೆ ಆದ ತಪ್ಪಲ್ಲ. ಅರ್ಧ ಕಲಿಸಿ ಬಿಟ್ಟಿದ್ದರಿಂದ ಆದದ್ದು.

ಮಗು 'ಮಿ ಅಂಡ್ ಹಿಮ್ ವೆಂಟ್ ಔಟ್' ಅನ್ನುತ್ತದೆ. ದೊಡ್ಡವರು ಗದರುತ್ತಾರೆ, "ಹಾಗಲ್ಲ, ಹೀ ಅಂಡ್ ಐ ಅನ್ನು." ತಿದ್ದಿದ್ದೇನೋ ಸರಿ. ಯಾಕೆ ಅಂತ ಮಾತ್ರ ಹೇಳುವುದಿಲ್ಲ. ಮಗು ತನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಳ್ಳುತ್ತದೆ: 'ಅಂಡ್' ಬಂದ ಕಡೆಯೆಲ್ಲ 'ಐ' ಹಾಕಬೇಕು. ಅದರ ಮೇಲೆ 'ನಿನ್ನನ್ನು ಕೊನೆಗೆ ಇಟ್ಟುಕೋ' ಅಂತ ಬೇರೆ ಹೇಳಿರುತ್ತಾರೆ. ತನ್ನನ್ನು ಕೊನೆಗೆ ಇಡುವುದು ಮರ್ಯಾದೆಯ ವಿಷಯ, ವ್ಯಾಕರಣದ್ದಲ್ಲ. ಎರಡೂ ಕಲಸಿಹೋಗಿ 'ಹೀ ಗೇವ್ ದ ಬುಕ್ ಟು ಶೀ ಅಂಡ್ ಐ' ತನಕ ಬಂದು ನಿಲ್ಲುತ್ತದೆ.

ನಿಯಮ ಸಣ್ಣದು. ಕೆಲಸ ಮಾಡುವವರು ಐ, ಹೀ, ಶೀ, ವಿ, ದೇ. ಕೆಲಸ ಯಾರ ಮೇಲೆ ನಡೆಯುತ್ತದೋ ಅವರು ಮಿ, ಹಿಮ್, ಹರ್, ಅಸ್, ದೆಮ್. ಟು, ಫಾರ್, ವಿತ್, ಬಿಟ್ವೀನ್ ಇಂಥ ಪದಗಳ ನಂತರವೂ ಈ ಎರಡನೇ ಗುಂಪೇ ಬರಬೇಕು. ಯೂ ಮತ್ತು ಇಟ್ ಎರಡು ಕಡೆಯೂ ಒಂದೇ.

ಅನುಮಾನ ಬಂದರೆ ಜೊತೆಗಿರುವವರನ್ನು ತೆಗೆದು ಓದಿ ನೋಡಿ. 'ಹೀ ಗೇವ್ ದ ಬುಕ್ ಟು ಐ' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಹಾಗಾದರೆ 'ಟು ಹರ್ ಅಂಡ್ ಮಿ'. ಬಿಟ್ವೀನ್ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಒಬ್ಬರೇ ಇದ್ದರೆ 'ನಡುವೆ' ಎಲ್ಲಿಂದ ಬರಬೇಕು? ಅಲ್ಲಿ ಇಬ್ಬರನ್ನೂ ಸೇರಿಸಿ ಒಂದೇ ಪದ ಹಾಕಿ. 'ಬಿಟ್ವೀನ್ ವಿ' ಅನ್ನುತ್ತೀರಾ, 'ಬಿಟ್ವೀನ್ ಅಸ್' ಅನ್ನುತ್ತೀರಾ? ಉತ್ತರ ಕಿವಿಗೇ ಗೊತ್ತು.

ಈ ಅನುಮಾನಕ್ಕೆ ಹೆದರಿ ಐ, ಮಿ ಎರಡನ್ನೂ ಬಿಟ್ಟು 'ಮೈಸೆಲ್ಫ್' ಹಿಂದೆ ಅಡಗಿಕೊಳ್ಳುವವರೂ ಇದ್ದಾರೆ. 'ಪ್ಲೀಸ್ ಕಾಂಟ್ಯಾಕ್ಟ್ ಮೈ ಮ್ಯಾನೇಜರ್ ಆರ್ ಮೈಸೆಲ್ಫ್.' ಮ್ಯಾನೇಜರನ್ನು ತೆಗೆದು ಓದಿ. ನಗು ಬರುತ್ತದೆ.

ಕನ್ನಡದಲ್ಲಿ ಈ ಗೊಂದಲವೇ ಇಲ್ಲ, ಗಮನಿಸಿದ್ದೀರಾ? 'ನನಗೂ ಅವನಿಗೂ ಕೊಟ್ಟರು' ಅನ್ನುತ್ತೇವೆ. 'ನಾನೂ ಅವನಿಗೂ ಕೊಟ್ಟರು' ಅಂತ ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮಲ್ಲಿ ಪ್ರತಿ ನಾಮಪದಕ್ಕೂ ವಿಭಕ್ತಿ ಅಂಟುತ್ತದೆ, ಹಾಗಾಗಿ ಕಿವಿ ಸದಾ ಎಚ್ಚರವಾಗಿರುತ್ತದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್‌ನಲ್ಲೂ ನಾಮಪದಗಳಿಗೆ ಹೀಗೆ ವಿಭಕ್ತಿ ರೂಪಗಳಿದ್ದವು. ಕಾಲ ಕಳೆದಂತೆ ಸವೆದು ಹೋದವು. ಈಗ ಯಾರು ಯಾರನ್ನು ಕಚ್ಚಿದರು ಅಂತ ತಿಳಿಯಬೇಕಾದರೆ ಪದಗಳು ಕೂತ ಜಾಗವನ್ನೇ ನೋಡಬೇಕು. ಸರ್ವನಾಮಗಳಲ್ಲಿ ಮಾತ್ರ ಹಳೆಯ ರೂಪಗಳು ಉಳಿದುಕೊಂಡಿವೆ.

ಅವೂ ಪೂರ್ತಿ ಉಳಿದಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಒಂದು ಸಾಲಿದೆ: 'ಯೀ ಶಲ್ ನೋ ದ ಟ್ರೂತ್, ಅಂಡ್ ದ ಟ್ರೂತ್ ಶಲ್ ಮೇಕ್ ಯೂ ಫ್ರೀ.' ಒಂದೇ ಸಾಲಲ್ಲಿ ಎರಡೂ ರೂಪ! ಯೀ ಕರ್ತೃ, ಯೂ ಕರ್ಮ. ಆಮೇಲೆ ಕರ್ಮರೂಪವೇ ಕರ್ತೃವಿನ ಜಾಗವನ್ನೂ ನುಂಗಿತು. ಇವತ್ತು ನಾವು 'ಯೂ ಆರ್ ರೈಟ್' ಅನ್ನುವುದು ಹಳೆಯ ಲೆಕ್ಕದಲ್ಲಿ ತಪ್ಪು. ಯಾರಿಗಾದರೂ ಬೇಜಾರಾಯಿತೇ?

ಇದನ್ನೇ ಹಿಡಿದು ಕೆಲವರು ವಾದಕ್ಕೆ ಬರುತ್ತಾರೆ. ಷೇಕ್ಸ್‌ಪಿಯರ್‌ನ 'ದ ಮರ್ಚೆಂಟ್ ಆಫ್ ವೆನಿಸ್'ನಲ್ಲಿ ಆಂಟೋನಿಯೋ ಬರೆಯುವ ಪತ್ರದಲ್ಲೇ 'ಬಿಟ್ವೀನ್ ಯೂ ಅಂಡ್ ಐ' ಇದೆಯಲ್ಲ ಅಂತ. ಇದೆ, ನಿಜ. ಆದರೆ ನಿಮ್ಮ ಕೆಲಸದ ಅರ್ಜಿ ಓದುವವರು ಆ ರಿಯಾಯಿತಿಯನ್ನು ನಿಮಗೆ ಕೊಡುವುದಿಲ್ಲ.

ಹಾಗಂತ ನಾನು ಎಲ್ಲ ಕಡೆ ಬಿಗಿ ಅಲ್ಲ. 'ಇಟ್ ಈಸ್ ಐ' ಅನ್ನಬೇಕು ಅಂತ ಹಟ ಹಿಡಿಯುವವರನ್ನು ಕಂಡರೆ ನನಗೆ ಸುಸ್ತಾಗುತ್ತದೆ. 1762ರಲ್ಲಿ ಬಂದ ರಾಬರ್ಟ್ ಲೌತ್‌ನ ವ್ಯಾಕರಣದಲ್ಲಿ ಈ ನಿಯಮ ಇದೆ. ಆ ಕಾಲದ ವ್ಯಾಕರಣಕಾರರಿಗೆ ಲ್ಯಾಟಿನ್ ಭಾಷೆಯೇ ಮಾದರಿ. ಆದರೆ ಬಾಗಿಲು ತಟ್ಟಿ 'ಇಟ್ ಈಸ್ ಐ' ಅಂದರೆ ಒಳಗಿದ್ದವರು ಯಾವುದೋ ನಾಟಕದ ಪಾತ್ರ ಬಂದಿದೆ ಅಂದುಕೊಂಡಾರು. 'ಇಟ್ಸ್ ಮಿ' ಸಾಕು.

'ದ್ಯಾನ್' ವಿಷಯ ಬೇರೆ. 'ಟಾಲರ್ ದ್ಯಾನ್ ಮಿ' ಅಂದರೆ ನಷ್ಟವಿಲ್ಲ. ಆದರೆ 'ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ' ಅಂದರೆ ನನಗೆ ಅವನು ಎಷ್ಟು ಇಷ್ಟವೋ ಅದಕ್ಕಿಂತ ಜಾಸ್ತಿ ಅವಳಿಗೆ ಇಷ್ಟ. 'ಮೋರ್ ದ್ಯಾನ್ ಮಿ' ಅಂದರೆ ಅವಳಿಗೆ ನನಗಿಂತ ಅವನೇ ಜಾಸ್ತಿ ಇಷ್ಟ, ಹಾಗಂತಲೇ ಎಲ್ಲರೂ ಓದಿಕೊಳ್ಳುತ್ತಾರೆ. ಒಂದು ಪುಟ್ಟ ಪದದಿಂದ ಸಂಸಾರದಲ್ಲಿ ಜಗಳ ಹತ್ತಬಹುದು! ಇಂಥ ಕಡೆ 'ದ್ಯಾನ್ ಐ ಡೂ' ಅಂತ ಬಿಡಿಸಿ ಬರೆಯುವುದು ಕ್ಷೇಮ.

ಕೊನೆಗೆ 'ಹೂಮ್'. ಉತ್ತರ 'ಹಿಮ್' ಆದರೆ ಪ್ರಶ್ನೆ 'ಹೂಮ್', ಉತ್ತರ 'ಹೀ' ಆದರೆ ಪ್ರಶ್ನೆ 'ಹೂ'. ಹಿಮ್, ಹೂಮ್ ಎರಡರ ಕೊನೆಯಲ್ಲೂ ಮಕಾರ ಇದೆ, ನೆನಪಿಡುವುದು ಸುಲಭ. ಆದರೂ 'ದ ಮ್ಯಾನ್ ಹೂಮ್ ಐ ಥಿಂಕ್ ಈಸ್ ಗಿಲ್ಟಿ' ಅಂತ ಬರೆದು ಬೀಗುವವರಿದ್ದಾರೆ. ನಡುವಿನ 'ಐ ಥಿಂಕ್' ತೆಗೆದರೆ 'ಹೀ ಈಸ್ ಗಿಲ್ಟಿ' ಉಳಿಯುತ್ತದೆ, ಹಾಗಾಗಿ ಅಲ್ಲಿ ಹೂ. ಮಾತಿನಲ್ಲಂತೂ 'ಹೂ ಡಿಡ್ ಯೂ ಮೀಟ್' ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟು, ಫಾರ್, ವಿತ್ ಪಕ್ಕದಲ್ಲೇ ಬಂದಾಗ ಹೂಮ್ ಹಾಕಿ. ಉಳಿದ ಕಡೆ ಅನುಮಾನ ಇದ್ದರೆ ಧೈರ್ಯವಾಗಿ ಹೂ ಅಂತಲೇ ಬರೆದುಬಿಡಿ.