ಸಾಗವಾನಿ ಬಾಗಿಲಿಗೆ ಚಾಕಲೇಟ್ ಬಣ್ಣ

ಮೊನ್ನೆ ಕಲಬುರಗಿಯಿಂದ ತಮ್ಮ ಫೋಟೊ ಕಳಿಸಿದ. "ಅಣ್ಣಾ, ಬಾಗಲಾ ಹೊಸಾದು ಆದಂಗ ಆಗ್ಯಾದ ನೋಡು." ಅಜ್ಜನ ಕಾಲದ ಸಾಗವಾನಿ ಬಾಗಿಲಿನ ಮೇಲೆ ಚಾಕಲೇಟ್ ಬಣ್ಣದ ಆಯಿಲ್ ಪೇಂಟ್. ಹಿತ್ತಾಳೆಯ ಬಳೆ, ಚಿಲಕ, ಮೊಳೆಗಳ ಮೇಲೂ ಅದನ್ನೇ ಬಳಿದಿದ್ದಾರೆ. ಮದುವೆ ಮನೆ, ನಾಲ್ಕು ಮಂದಿ ಬರುತ್ತಾರೆ, ಗೊತ್ತು. ಆದರೂ ಕರುಳು ಚುರ್ ಅಂತು.

ನಾನಿರುವ ಗೋವಾದಲ್ಲಿ, ಮಾಂಡೋವಿ ನದಿ ದಂಡೆಯ ದೋಣಿಗಳಲ್ಲೂ ಸಾಗವಾನಿ ಇದೆ, ಹಿತ್ತಾಳೆ ಇದೆ. ಉಪ್ಪುನೀರು, ನಾಲ್ಕು ತಿಂಗಳ ಮಳೆ, ಬಿಸಿಲು ಎಲ್ಲ ಸೇರಿ ಬಡಿಯುತ್ತವೆ. ಹಾಗಿದ್ದೂ ಬಲ್ಲವರ ಕೈಯಲ್ಲಿರುವ ದೋಣಿಯ ಕಟ್ಟಿಗೆ ಜೇನಿನ ಬಣ್ಣಕ್ಕೆ ಹೊಳೆಯುತ್ತದೆ. ಅವರು ವಾರ್ನಿಷ್ ಕೆಡುವ ಮೊದಲೇ ಮತ್ತೊಂದು ಕೋಟು ಹಚ್ಚುತ್ತಾರೆ. ನಾವು ಕೆಟ್ಟು ಸುಲಿದ ಮೇಲೆ ಮುಚ್ಚುತ್ತೇವೆ.

ದೋಣಿಯ ವಾರ್ನಿಷ್‌ನಲ್ಲಿ ಬಿಸಿಲಿನ ನೇರಳಾತೀತ ಕಿರಣ ಹೀರುವ ಅಂಶ ಬೆರೆತಿರುತ್ತದೆ. ಅದು ದಿನಾ ಸವೆಯುತ್ತದೆ. ಹೊಳಪು ಮಂಕಾಗುವುದೇ ಮೊದಲ ಸೂಚನೆ. ಆಗಲೇ 320 ನಂಬರಿನ ನುಣುಪು ಸ್ಯಾಂಡ್‌ಪೇಪರ್ ಹಗುರಾಗಿ ಆಡಿಸಿ ಒಂದೆರಡು ಕೋಟು ಕೊಟ್ಟರೆ ಸಾಕು. ಬಿಟ್ಟರೆ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದು ನೀರು ಒಳಗಿಳಿಯುತ್ತದೆ, ಪದರು ಹಾಲಿನ ಕೆನೆಯಂತೆ ಏಳುತ್ತದೆ, ಅಡಿಯ ಕಟ್ಟಿಗೆ ಕಪ್ಪಾಗುತ್ತದೆ. ಅದರ ಮೇಲೆ ಎಷ್ಟು ಹಚ್ಚಿದರೂ ನಿಲ್ಲುವುದಿಲ್ಲ. ಬಿಸಿಗಾಳಿ ಗನ್ನು, ಸ್ಕ್ರೇಪರ್ ಹಿಡಿದು ಬರಿ ಕಟ್ಟಿಗೆಯವರೆಗೂ ಕೆರೆಯಬೇಕು.

ಕೆರೆದ ಮೇಲೆ 120 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 220, ಎರಡನ್ನೂ ಕಟ್ಟಿಗೆಯ ಎಳೆಯ ಗುಂಟ ಉಜ್ಜಬೇಕು. ಸಾಗವಾನಿಯಲ್ಲೇ ಎಣ್ಣೆ ಇರುವುದರಿಂದ, ಎಣ್ಣೆ ತೆಗೆಯುವ ಅಸಿಟೋನ್ ದ್ರವದಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಮೊದಲ ಕೋಟು ಕೊಡಬೇಕು. ಆ ಕೋಟಿಗೆ ಅರ್ಧ ವಾರ್ನಿಷ್, ಅರ್ಧ ಟರ್ಪೆಂಟೈನ್. ತೆಳ್ಳಗಿದ್ದರೇ ಕಟ್ಟಿಗೆ ಕುಡಿಯುತ್ತದೆ. ಎರಡನೆಯದಕ್ಕೆ ಕಾಲು ಭಾಗ ಟರ್ಪೆಂಟೈನ್ ಸಾಕು. ಬರಬರುತ್ತಾ ಗಟ್ಟಿ, ಒಟ್ಟು ಆರಕ್ಕೆ ಕಮ್ಮಿ ಬೇಡ. ಎರಡು ಕೋಟಿನ ನಡುವೆ ಒಂದು ದಿನ ಬಿಟ್ಟು, 320ರಿಂದ ಉಜ್ಜಿ, ಧೂಳು ಒರೆಸಬೇಕು. ಹಲಗೆಯ ಕೊಯ್ದ ತುದಿಗಳಿಗೆ ಎರಡು ಕೋಟು ಹೆಚ್ಚು, ನೀರು ಕುಡಿಯುವುದು ಅಲ್ಲೇ. ಒಂದೇ ಸಲ ದಪ್ಪಗೆ ಬಳಿದರೆ ಮೇಲ್ಪದರು ಮೊದಲು ಒಣಗಿ ಸುಕ್ಕುಗಟ್ಟುತ್ತದೆ. ಮಧ್ಯಾಹ್ನ ಕಾದ ಕಟ್ಟಿಗೆಗೆ ಹಚ್ಚಿದರೆ ಗುಳ್ಳೆ ಏಳುತ್ತವೆ, ಸಂಜೆ ಹಚ್ಚಿದರೆ ಇಬ್ಬನಿ ಹೊಳಪು ತಿನ್ನುತ್ತದೆ. ನಮ್ಮ ಕಡೆ ಕಾರ್ತಿಕ ಮುಗಿದ ಮೇಲಿನ ಎರಡು ತಿಂಗಳು, ಬೆಳಿಗ್ಗೆಯ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಪಾತ್ರೆ ತಿಕ್ಕುವ ಕಬ್ಬಿಣದ ತಂತಿಯನ್ನು ಬಾಗಿಲಿನ ಹತ್ತಿರ ತರಲೇಬಾರದು. ಅದರ ಚೂರು ಎಳೆಯಲ್ಲಿ ಸಿಕ್ಕಿ, ತುಕ್ಕು ಹಿಡಿದು ಕಪ್ಪು ಚುಕ್ಕೆಯಾಗುತ್ತದೆ. ದೋಣಿಯ ಸ್ಟೀಲ್ ಕಂಬಿಗೂ ಇದೇ ಮಾತು.

ಹಿತ್ತಾಳೆಯನ್ನು ಬಿಚ್ಚಿ ತೆಗೆದೇ ತಿಕ್ಕಬೇಕು, ಬಿಚ್ಚಲಾಗದಿದ್ದರೆ ಸುತ್ತ ಟೇಪ್ ಅಂಟಿಸಬೇಕು. ಪಾಲಿಶ್‌ನಲ್ಲಿರುವ ಅಮೋನಿಯ ವಾರ್ನಿಷ್‌ನ ಅಂಚು ಕೆಡಿಸುತ್ತದೆ. ನಮ್ಮವರ ಹುಣಸೆಹಣ್ಣು ಒಳ್ಳೆಯದೇ, ಆದರೆ ಬಹಳ ಹೊತ್ತು ಬಿಟ್ಟರೆ ಹುಳಿ ಸತುವನ್ನು ಎಳೆದು ಹಿತ್ತಾಳೆ ಕೆಂಪಗಾಗುತ್ತದೆ. ತೊಳೆದು, ಒಣಗಿಸಿ, ತೆಳ್ಳಗೆ ಮೇಣ ಸವರಿದರೆ ಹೊಳಪು ಹೆಚ್ಚು ದಿನ ಉಳಿಯುತ್ತದೆ.

ಬೀದರಿನವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ ಎಂದು ಒಪ್ಪಬೇಕು. ಬಿದರಿ ಹೂದಾನಿಗೆ ಅವರು ಹುಣಸೆಯನ್ನೂ ಮುಟ್ಟಿಸರು, ಪಾಲಿಶನ್ನೂ ಮುಟ್ಟಿಸರು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದಿಂದ ತಂದ ಆ ಕಪ್ಪು ತೆಳುವಾದ ಒಂದು ಪದರು, ತಿಕ್ಕಿದರೆ ಹೋಗುತ್ತದೆ. ಆಗಾಗ ಎಣ್ಣೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ, ಅಷ್ಟೇ. ಆ ಕಾಳಜಿ ಬಾಗಿಲಿನವರೆಗೆ ಯಾಕೆ ಬರಲಿಲ್ಲವೋ.

ತಮ್ಮನ ಪೇಂಟಿನ ಬಗ್ಗೆಯೂ ಒಂದು ಮಾತು ಒಪ್ಪುತ್ತೇನೆ. ಕಲಬುರಗಿಯ ಮೇ ಬಿಸಿಲು ತಡೆಯುವುದರಲ್ಲಿ ಯಾವ ವಾರ್ನಿಷ್‌ಗಿಂತ ಬಣ್ಣವೇ ಗಟ್ಟಿ, ಅದರಲ್ಲಿ ಬೆರೆತ ಬಣ್ಣದ ಪುಡಿ ಕಿರಣವನ್ನು ಒಳಗೆ ಬಿಡುವುದಿಲ್ಲ. ಕಟ್ಟಿಗೆ ಹಾಳಾಗುವುದಿಲ್ಲ, ಕಾಣುವುದಿಲ್ಲ ಅಷ್ಟೇ. ತೆಗೆಯುವುದಾದರೆ ಅವಸರ ಬೇಡಪ್ಪ. ಅಡಿಯಲ್ಲಿ ಹಳೆಯ ಬಣ್ಣವೂ ಇದೆ. ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ, ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡ, ಗನ್ನಿನಿಂದ ಸುಡಲೂ ಬೇಡ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆ, ಮಕ್ಕಳನ್ನು ದೂರ ಇಡು. ಬಳೆ, ಚಿಲಕ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಡು, ದೀಪಾವಳಿಗೆ ಬಂದಾಗ ನಾನೇ ತಿಕ್ಕುತ್ತೇನೆ.