ಐನೂರು ಬ್ಯಾರೆಲ್ ಕಡಿಮೆ

ದಿನಕ್ಕೆ 49,500 ಬ್ಯಾರೆಲ್. ಈ ಸಂಖ್ಯೆಯನ್ನು ಒಂದ್ಸಲ ಸರಿಯಾಗಿ ನೋಡಿ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ ಮೆರಿಡಿಯನ್ ಎನರ್ಜಿ ಎಂಬ ಕಂಪನಿ ಕಟ್ಟಲು ಹೊರಟಿದ್ದ ಡೇವಿಸ್ ರಿಫೈನರಿಯ ಸಾಮರ್ಥ್ಯ ಅದು. ಆ ರಾಜ್ಯದಲ್ಲಿ 50,000 ಬ್ಯಾರೆಲ್ ಮುಟ್ಟಿದರೆ ಈ ಜಾಗದಲ್ಲಿ ಇದನ್ನು ಕಟ್ಟಬಹುದಾ ಅಂತ ಪಬ್ಲಿಕ್ ಸರ್ವಿಸ್ ಕಮಿಷನ್ (ನಮ್ಮಲ್ಲಿಯ ಹಾಗೆ ನೇಮಕಾತಿಯದಲ್ಲ, ಇಂಥ ಘಟಕಗಳ ನಿಯಂತ್ರಣದ್ದು) ಬೇರೆಯಾಗಿ ವಿಚಾರಣೆ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬೇಕಾಗಿಲ್ಲ. ಮೊದಲು 55,000 ಬ್ಯಾರೆಲ್ ಅಂತ ಮಾತಿತ್ತು. ಆಮೇಲೆ 49,500ಕ್ಕೆ ಬಂತು. ಗಡಿಗಿಂತ ಐನೂರು ಬ್ಯಾರೆಲ್ ಕಡಿಮೆ.

ಜಾಗ ಎಲ್ಲಿ ಗೊತ್ತಾ? ಥಿಯೋಡೋರ್ ರೂಸ್ವೆಲ್ಟ್ ನ್ಯಾಷನಲ್ ಪಾರ್ಕಿನ ಗಡಿಯಿಂದ ಸುಮಾರು ಮೂರು ಮೈಲಿ. ಐದು ಕಿಲೋಮೀಟರ್ ಅಂದುಕೊಳ್ಳಿ. ಸುಮಾರು 70 ಸಾವಿರ ಎಕರೆಯ ಪಾರ್ಕು ಅದು. ಮಣ್ಣಿನ ಪದರ ಪದರವಾಗಿ ಕೊರೆದ ಬ್ಯಾಡ್‌ಲ್ಯಾಂಡ್ಸ್ ಗುಡ್ಡಗಳು, ಬೈಸನ್ ಹಿಂಡು, ಕಾಡು ಕುದುರೆಗಳು, ಉದ್ದಗಲಕ್ಕೂ ಆಕಾಶ. 1883ರಲ್ಲಿ ರೂಸ್ವೆಲ್ಟ್ ಬೈಸನ್ ಬೇಟೆಗೆ ಅಂತ ಬಂದ ಸೀಮೆ. ಮುಂದೆ ಅಧ್ಯಕ್ಷನಾಗಿ ಕಾಡು, ಪ್ರಾಣಿಗಳಿಗೆ ರಕ್ಷಣೆ ಕೊಡುವ ಕೆಲಸದಲ್ಲಿ ಹೆಸರು ಮಾಡಿದ್ದೂ ಅವನೇ.

ನಾನು ಈ ದೇಶಕ್ಕೆ ಬಂದ ಮೇಲೆ ಮಾಡಿದ ಕೆಲಸ ಇದೇ ಲೈನಿನದು. ಕಂಪನಿಗಳು ವಾಯು ಮಾಲಿನ್ಯದ ಪರ್ಮಿಟ್‌ಗೆ ಅರ್ಜಿ ಹಾಕುವಾಗ ಚಿಮಣಿಯ ಹೊಗೆ ಯಾವ ಕಡೆ ಹೋಗುತ್ತದೆ, ಎಷ್ಟು ದೂರಕ್ಕೆ ಎಷ್ಟು ತಲುಪುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಡುವುದು. ಅಂದರೆ ನಾನು ಕೂತಿದ್ದದ್ದು ಮೇಜಿನ ಆ ಕಡೆ, ಕಂಪನಿಯವರ ಜೊತೆ. ಆದ್ದರಿಂದ ಈಗ ಬರೆಯುವುದನ್ನು ಕಾರ್ಖಾನೆ ಕಂಡರಾಗದವನ ಮಾತು ಅಂತ ದಯವಿಟ್ಟು ಓದಬೇಡಿ.

ಮೊದಲು ಕಾನೂನು. 1977ರಲ್ಲಿ ಅಮೆರಿಕದ ಸಂಸತ್ತು ಕ್ಲೀನ್ ಏರ್ ಆ್ಯಕ್ಟ್‌ಗೆ ತಿದ್ದುಪಡಿ ತಂದು ದೊಡ್ಡ ನ್ಯಾಷನಲ್ ಪಾರ್ಕುಗಳನ್ನೂ ದೊಡ್ಡ ಕಾಡು ಪ್ರದೇಶಗಳನ್ನೂ ‘ಕ್ಲಾಸ್ ಒನ್’ ಅಂತ ಗುರುತಿಸಿತು. ಪಾರ್ಕ್ ಆದರೆ 6,000 ಎಕರೆಗಿಂತ ದೊಡ್ಡದಿರಬೇಕು. ದೂರದ ನೋಟಕ್ಕೆ ರಕ್ಷಣೆ ಸಿಕ್ಕಿರುವ ಇಂಥ ಜಾಗಗಳು 156 ಇವೆ. ಇಲ್ಲಿನ ಗಾಳಿ ಹೇಗಿದೆಯೋ ಹಾಗೇ ಉಳಿಯಬೇಕು, ಊರಿನ ಗಾಳಿಗಿಂತ ಇಲ್ಲಿಗೆ ಬಿಗಿಯಾದ ಲೆಕ್ಕ ಇರಬೇಕು ಅನ್ನುವುದು ಆಶಯ. ಬರೀ ಆಶಯವಲ್ಲ, ಅಂಕಿ ಇದೆ. ಮಾಮೂಲಿ ಪ್ರದೇಶದಲ್ಲಿ ಹೊಸ ಕಾರ್ಖಾನೆಗಳಿಂದಾಗಿ ಸಲ್ಫರ್ ಡೈಆಕ್ಸೈಡ್ ವಾರ್ಷಿಕ ಸರಾಸರಿ ಘನ ಮೀಟರಿಗೆ 20 ಮೈಕ್ರೋಗ್ರಾಂ ತನಕ ಏರಬಹುದು. ಕ್ಲಾಸ್ ಒನ್ ಪ್ರದೇಶದಲ್ಲಿ ಬರೀ 2.

ನನಗೆ ಈ ಕಾನೂನಿನಲ್ಲಿ ತುಂಬಾ ಇಷ್ಟವಾಗುವ ಭಾಗ ಬೇರೆ. ಪರ್ಮಿಟ್ ಕೊಡುವುದು ಸಾಮಾನ್ಯವಾಗಿ ರಾಜ್ಯ ಸರ್ಕಾರ. ಪಾರ್ಕ್ ನೋಡಿಕೊಳ್ಳುವುದು ಕೇಂದ್ರದ ಇಲಾಖೆ. ಇಬ್ಬರೂ ಮಾತಾಡಲೇಬೇಕು ಅಂತ ಕಾನೂನು ಕಟ್ಟಿಹಾಕಿದೆ. ಪಾರ್ಕಿನ ಮೇಲೆ ಪರಿಣಾಮ ಆಗಬಹುದಾದ ದೊಡ್ಡ ಕಾರ್ಖಾನೆಯ ಅರ್ಜಿ ಕೈಗೆ ಬಂದ 30 ದಿನದೊಳಗೆ ರಾಜ್ಯ ಆ ಇಲಾಖೆಗೆ ತಿಳಿಸಬೇಕು. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 60 ದಿನ ಮೊದಲೇ ಕಾಗದಪತ್ರ ಅವರ ಕೈಯಲ್ಲಿರಬೇಕು. ಇಲಾಖೆ ಮರಗಿಡ ನೋಡುತ್ತದೆ, ಕೆರೆತೊರೆಯ ನೀರು ಹುಳಿಯಾಗುತ್ತದಾ ಅಂತ ನೋಡುತ್ತದೆ, ಗುಡ್ಡದ ಮೇಲೆ ನಿಂತರೆ ದೂರದ ಬೆಟ್ಟ ಕಾಣಿಸುತ್ತದಾ ಅಂತಲೂ ನೋಡುತ್ತದೆ. ಹಾನಿ ಇದೆ ಅಂತ ಅವರು ತೋರಿಸಿ, ರಾಜ್ಯಕ್ಕೆ ಅದು ಮನವರಿಕೆಯಾದರೆ, ಉಳಿದ ಅಂಕಿ ಎಲ್ಲ ಸರಿಯಿದ್ದರೂ ಪರ್ಮಿಟ್ ಕೊಡುವ ಹಾಗಿಲ್ಲ. ಒಂದು ನೋಟವನ್ನು, ಬರೀ ಕಣ್ಣಿಗೆ ಕಾಣುವ ದೂರವನ್ನು, ಆಸ್ತಿ ಅಂತ ಒಪ್ಪಿಕೊಂಡ ಕಾನೂನು ಇದು.

‘ರಾಜ್ಯಕ್ಕೆ ಮನವರಿಕೆಯಾದರೆ’ ಅನ್ನುವ ಆ ಎರಡು ಪದದಲ್ಲಿ ಅರ್ಧ ಜಗಳ ಇದೆ, ನಿಜ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ರಾಜ್ಯ ವಿವರಣೆ ಕೊಡಬೇಕು, ಅಷ್ಟೇ. ಆದರೆ ಅದೂ ಕಡಿಮೆಯೇನಲ್ಲ. ಬರೆದು ಕೊಟ್ಟ ಕಾರಣವನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಬರೆಯದ ಕಾರಣವನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಪಾರ್ಕ್ ನೋಡಿಕೊಳ್ಳುವ ಇಲಾಖೆ ಅಂದೆನಲ್ಲ, ಅದು ಒಂದಲ್ಲ, ಮೂರು. ನ್ಯಾಷನಲ್ ಪಾರ್ಕ್ ಸರ್ವಿಸ್, ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್, ಫಾರೆಸ್ಟ್ ಸರ್ವಿಸ್. ಮೊದಲಿನ ಎರಡು ಕೇಂದ್ರದ ನೆಲ, ನೀರು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ಕೈಕೆಳಗೆ, ಮೂರನೆಯದು ಕೃಷಿ ಇಲಾಖೆಯ ಕೈಕೆಳಗೆ. ಒಬ್ಬೊಬ್ಬರು ಒಂದೊಂದು ಲೆಕ್ಕ ಕೇಳಿದರೆ ಕಂಪನಿಗೂ ತಲೆನೋವು, ರಾಜ್ಯಕ್ಕೂ ತಲೆನೋವು. ಅದಕ್ಕೇ ಮೂವರೂ ಕೂತು 2000ದಲ್ಲಿ ಒಂದೇ ಮಾರ್ಗಸೂಚಿ ಮಾಡಿದರು, 2010ರಲ್ಲಿ ತಿದ್ದಿದರು. ನಮ್ಮಂಥವರು ಅದನ್ನು ಫ್ಲ್ಯಾಗ್ ಅಂತ ಕರೆಯುತ್ತೇವೆ. ಅದರಲ್ಲಿ ಒಂದು ಸರಳ ಜರಡಿ ಇದೆ. ಪಾರ್ಕಿನಿಂದ 50 ಕಿಲೋಮೀಟರಿಗಿಂತ ದೂರದ ಕಾರ್ಖಾನೆಯಾದರೆ, ವರ್ಷಕ್ಕೆ ಎಷ್ಟು ಟನ್ ಹೊಗೆ, ದೂಳು ಬಿಡುತ್ತದೋ ಅದನ್ನು ಕಿಲೋಮೀಟರಿನಿಂದ ಭಾಗಿಸಿ. ಉತ್ತರ ಹತ್ತೋ ಅದಕ್ಕಿಂತ ಕಡಿಮೆಯೋ ಬಂದರೆ ಮುಂದಿನ ಲೆಕ್ಕ ಬೇಡ. 900 ಟನ್, 100 ಕಿಲೋಮೀಟರ್: ಒಂಬತ್ತು, ಬಿಟ್ಟರು. ಅದೇ 900 ಟನ್, 60 ಕಿಲೋಮೀಟರ್: ಹದಿನೈದು, ಕೂತು ಪೂರ್ತಿ ಲೆಕ್ಕ ಕೊಡಿ. ಕೆಲಸಗಾರನಾಗಿ ಹೇಳುತ್ತೇನೆ, ಇದು ಒಳ್ಳೆಯ ನಿಯಮ. ದೂರ ಜಾಸ್ತಿಯಾದ ಹಾಗೆ ಸಡಿಲ, ಹತ್ತಿರ ಬಂದ ಹಾಗೆ ಬಿಗಿ. ಯಾರಿಗೂ ಸಮಯ ಹಾಳಿಲ್ಲ.

ಈಗ ಡೇವಿಸ್ ರಿಫೈನರಿಗೆ ವಾಪಸ್ ಬನ್ನಿ. ಇಷ್ಟೆಲ್ಲ ವ್ಯವಸ್ಥೆ ‘ದೊಡ್ಡ’ ಕಾರ್ಖಾನೆಗೆ ಮಾತ್ರ. ರಿಫೈನರಿಯ ಮಟ್ಟಿಗೆ ದೊಡ್ಡದು ಅಂದರೆ ಯಾವುದಾದರೂ ಒಂದು ಮಾಲಿನ್ಯ ವರ್ಷಕ್ಕೆ 100 ಟನ್ ಮುಟ್ಟಬೇಕು. ಕಂಪನಿ ಏನು ಹೇಳಿತು? ನಮ್ಮಲ್ಲಿ ಒಳ್ಳೆಯ ಯಂತ್ರ ಇದೆ, ಸೋರಿಕೆ ಹಿಡಿಯುವ ವ್ಯವಸ್ಥೆ ಇದೆ, ಯಾವುದೂ 100 ಟನ್ ದಾಟುವುದಿಲ್ಲ, ಹಾಗಂತ ಪರ್ಮಿಟ್ಟಿನಲ್ಲೇ ಮಿತಿ ಬರೆಯಿರಿ, ನಾವು ಅದಕ್ಕೆ ಬದ್ಧ. ಹಾಗೆ ಬರೆದರೆ ಅದು ‘ಸಣ್ಣ’ ಕಾರ್ಖಾನೆ ಆಗುತ್ತದೆ. ಸಣ್ಣ ಕಾರ್ಖಾನೆಯಾದರೆ ಪಾರ್ಕ್ ಇಲಾಖೆಯ ಆ ವಿಶೇಷ ಅಧಿಕಾರ ಇಲ್ಲ. 60 ದಿನ ಇಲ್ಲ, ನೋಟದ ಲೆಕ್ಕ ಇಲ್ಲ, ಹಾನಿ ತೋರಿಸಿದರೆ ತಡೆಯುವ ದಾರಿ ಇಲ್ಲ. ದಾರಿಹೋಕರ ಹಾಗೆ ಸಾರ್ವಜನಿಕ ಅಭಿಪ್ರಾಯದ ಅವಧಿಯಲ್ಲಿ ಒಂದು ಪತ್ರ ಬರೆಯಬಹುದು, ಅಷ್ಟೇ.

ಪಾರ್ಕ್ ಸರ್ವಿಸ್ ಬರೆಯಿತು. ಇದು ನಿಜವಾಗಿ ಸಣ್ಣದಾ ಅನ್ನುವುದೇ ಅವರ ಅನುಮಾನ. 2018ರ ಜೂನ್‌ನಲ್ಲಿ ರಾಜ್ಯ ಪರ್ಮಿಟ್ ಕೊಟ್ಟಿತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, ಪರ್ಮಿಟ್ ಉಳಿಯಿತು. ರಿಫೈನರಿ ಮಾತ್ರ ಮೇಲೇಳಲಿಲ್ಲ, ಆ ಕಥೆ ಬೇರೆ.

ಇಲ್ಲಿ ಯಾರೂ ಕಾನೂನು ಮುರಿಯಲಿಲ್ಲ ಅನ್ನುವುದೇ ನನ್ನ ತಕರಾರು. ಮಿತಿ ಬರೆಸಿಕೊಂಡು ಸಣ್ಣದಾಗುವುದು ಇಲ್ಲಿ ದಿನನಿತ್ಯದ ಕೆಲಸ. ನಾನೂ ಅಂಥ ಅರ್ಜಿಗಳಿಗೆ ಲೆಕ್ಕ ಮಾಡಿಕೊಟ್ಟಿದ್ದೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎಷ್ಟೋ ಸಲ ಅದರಿಂದ ಹೊಗೆ ನಿಜವಾಗಿ ಕಡಿಮೆಯಾಗುತ್ತದೆ. ಆದರೆ ನೂರು ಕಿಲೋಮೀಟರ್ ಆಚೆಯ ದೊಡ್ಡ ವಿದ್ಯುತ್ ಸ್ಥಾವರ ಪಾರ್ಕನ್ನು ಕೇಳಬೇಕು, ಐದು ಕಿಲೋಮೀಟರ್ ದೂರದ ರಿಫೈನರಿ ಕೇಳಬೇಕಾಗಿಲ್ಲ ಅನ್ನುವುದು ಯಾವ ನ್ಯಾಯ? ಫ್ಲ್ಯಾಗ್ ಮಾಡಿದವರು ಟನ್ನನ್ನು ದೂರದಿಂದ ಭಾಗಿಸಿದರು. ಬಾಗಿಲಲ್ಲಿ ನಿಂತ ಕಾನೂನು ಟನ್ ಮಾತ್ರ ನೋಡಿತು, ದೂರ ನೋಡಲೇ ಇಲ್ಲ. ಪಾರ್ಕಿನ ಗಡಿಯಿಂದ ಇಷ್ಟು ಕಿಲೋಮೀಟರ್ ಒಳಗೆ ಬರುವ ಯಾವ ರಿಫೈನರಿಯಾದರೂ, ಯಾವ ಗ್ಯಾಸ್ ಘಟಕವಾದರೂ, ಸಣ್ಣದೋ ದೊಡ್ಡದೋ, ಇಲಾಖೆಗೆ ಮೊದಲೇ ಹೋಗಬೇಕು. ನಾನು ಕೇಳುವುದು ಇಷ್ಟೇ. ತಡೆಯುವ ಅಧಿಕಾರ ಬೇಕಾದರೆ ಆಮೇಲೆ ಚರ್ಚೆ ಮಾಡೋಣ. ಮೊದಲು ಕೇಳುವುದನ್ನು ಕಡ್ಡಾಯ ಮಾಡಿ.

ಸುಮ್ನೆ ತಡ ಆಗುತ್ತದೆ ಅನ್ನುತ್ತಾರೆ. ತಡ ಆಗುವುದು ಕೇಳಿದ್ದರಿಂದ ಅಲ್ಲ, ತಡವಾಗಿ ಕೇಳಿದ್ದರಿಂದ. ನ್ಯೂ ಮೆಕ್ಸಿಕೋದ ಡೆಸರ್ಟ್ ರಾಕ್ ನೋಡಿ. ನವಾಹೋ ಎಂಬ ಮೂಲನಿವಾಸಿ ಜನರ ನೆಲದಲ್ಲಿ 1,500 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ. ಮೆಸಾ ವರ್ಡೆ ಪಾರ್ಕು ಅದರ ಸುತ್ತಲ ಸೀಮೆಯಲ್ಲೇ ಇದೆ. ಅಲ್ಲಿ ಪರ್ಮಿಟ್ ಕೊಡುವುದು ರಾಜ್ಯವಲ್ಲ, ಕೇಂದ್ರದ ಪರಿಸರ ಸಂಸ್ಥೆ ಇಪಿಎ. 2008ರ ಜುಲೈ ಕೊನೆಗೆ ಪರ್ಮಿಟ್ ಕೊಟ್ಟರು. ಅಳಿವಿನಂಚಿನ ಜೀವಿಗಳ ಬಗ್ಗೆ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಜೊತೆ ನಡೆಯಬೇಕಿದ್ದ ಸಮಾಲೋಚನೆ ಮುಗಿದೇ ಇರಲಿಲ್ಲ. ಮದುವೆ ಮುಗಿಸಿ ಜಾತಕ ತೋರಿಸಿದ ಹಾಗೆ. ಮಾರನೆಯ ವರ್ಷ ಇಪಿಎಯೇ ಪರ್ಮಿಟ್ ಮರುಪರಿಶೀಲನೆಗೆ ವಾಪಸ್ ಕಳಿಸಿ ಅಂತ ತನ್ನದೇ ಮೇಲ್ಮನವಿ ಮಂಡಳಿಯನ್ನು ಕೇಳಿಕೊಂಡಿತು. 2009ರ ಸೆಪ್ಟೆಂಬರಿನಲ್ಲಿ ಮಂಡಳಿ ವಾಪಸ್ ಕಳಿಸಿತು. ಸ್ಥಾವರ ಏಳಲೇ ಇಲ್ಲ. ಹೂಡಿಕೆ ಮಾಡಿದವರಿಗೂ ನಷ್ಟ, ಬರುತ್ತದೆ ಅಂತ ನಂಬಿದ್ದ ಕೆಲಸಗಳೂ ಬರಲಿಲ್ಲ. ಎರಡು ಇಲಾಖೆ ಒಟ್ಟಿಗೆ ಕೂರದಿದ್ದರೆ ಕಂಪನಿಗೂ ಸುಖವಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಇನ್ನೊಂದು ವಿಚಿತ್ರ ಹೇಳಲೇಬೇಕು. ಅರಿಜೋನಾದ ಪೇಜ್ ಊರಿನ ಹತ್ತಿರ ನವಾಹೋ ಜನರೇಟಿಂಗ್ ಸ್ಟೇಷನ್ ಅಂತ 2,250 ಮೆಗಾವಾಟಿನ ಸ್ಥಾವರ ಇತ್ತು. 1970ರ ದಶಕದ್ದು. ಗ್ರ್ಯಾಂಡ್ ಕ್ಯಾನಿಯನ್ ಪಾರ್ಕಿನ ಗಡಿಗೆ ಹತ್ತಿರ. ಚಳಿಗಾಲದಲ್ಲಿ ಕ್ಯಾನಿಯನ್ ಒಳಗೆ ಮಬ್ಬು ತುಂಬುತ್ತಿತ್ತು. 1987ರಲ್ಲಿ ವಿಜ್ಞಾನಿಗಳು ಚಿಮಣಿಯಲ್ಲಿ ಗುರುತಿನ ಅನಿಲ ಬಿಟ್ಟು, ಅದು ಎಲ್ಲಿಗೆ ಬರುತ್ತದೆ ಅಂತ ಬೆನ್ನುಹತ್ತಿದರು. ಕ್ಯಾನಿಯನ್ನಿನಲ್ಲಿ ಸಿಕ್ಕಿತು. 1991ರಲ್ಲಿ ಸಲ್ಫರ್ ಡೈಆಕ್ಸೈಡ್ 90 ಶೇಕಡಾ ಇಳಿಸಿ ಅಂತ ಆದೇಶ ಬಂತು. ಈಗ ಕೇಳಿ. ಆ ಸ್ಥಾವರದಲ್ಲಿ 24.3 ಶೇಕಡಾ ಪಾಲು ಅಮೆರಿಕ ಸರ್ಕಾರದ್ದೇ, ಬ್ಯೂರೋ ಆಫ್ ರೆಕ್ಲಮೇಷನ್ ಮೂಲಕ. ಫೀನಿಕ್ಸ್, ಟೂಸಾನ್ ಕಡೆಗೆ ಕೊಲರಾಡೋ ನದಿಯ ನೀರು ಎತ್ತಲು ಕರೆಂಟ್ ಬೇಕಿತ್ತು. ಆ ಬ್ಯೂರೋ ಇರುವುದು ಇಂಟೀರಿಯರ್ ಇಲಾಖೆಯಲ್ಲಿ. ಪಾರ್ಕ್ ಸರ್ವಿಸ್ ಇರುವುದೂ ಇಂಟೀರಿಯರ್ ಇಲಾಖೆಯಲ್ಲಿ. ಒಂದೇ ಮಂತ್ರಿಯ ಎಡಗೈ ಹೊಗೆ ಬಿಡುತ್ತಿತ್ತು, ಬಲಗೈ ಹೊಗೆ ಅಳೆಯುತ್ತಿತ್ತು! 2019ರ ನವೆಂಬರಿನಲ್ಲಿ ಸ್ಥಾವರ ಮುಚ್ಚಿತು. ಮುಖ್ಯ ಕಾರಣ ಹಣದ್ದು, ಅಗ್ಗದ ನೈಸರ್ಗಿಕ ಅನಿಲದ ಮುಂದೆ ಕಲ್ಲಿದ್ದಲು ನಿಲ್ಲಲಿಲ್ಲ.

ಇಂಥ ಹಳೆಯ ಸ್ಥಾವರಗಳಿಗೆ ಹೊಸ ಪರ್ಮಿಟ್ಟಿನ ನಿಯಮ ತಾಗುವುದಿಲ್ಲ. ಅದಕ್ಕೇ 1999ರಲ್ಲಿ ಮಬ್ಬಿನ ವಿರುದ್ಧ ಬೇರೆ ನಿಯಮವೇ ಬಂತು, 2064ಕ್ಕೆ ಪಾರ್ಕುಗಳಲ್ಲಿ ಮನುಷ್ಯ ಮಾಡಿದ ಮಬ್ಬು ಇರಬಾರದು ಅನ್ನುವ ಗುರಿಯಿಟ್ಟುಕೊಂಡು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ಊರಿನ ಮಾತು ಬರದೆ ಇದು ಮುಗಿಯುವುದಿಲ್ಲ. ನಮ್ಮಲ್ಲಿ 1981ರ ವಾಯು ಕಾಯ್ದೆಯ 21ನೇ ಕಲಮಿನ ಪ್ರಕಾರ ಕಾರ್ಖಾನೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ನಾಲ್ಕು ತಿಂಗಳಲ್ಲಿ ಮಂಡಳಿ ತೀರ್ಮಾನ ಮಾಡಬೇಕು. ಹತ್ತಿರ ಕಾಡಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ ಅನ್ನುವ ಮಾತು ಆ ಕಲಮಿನಲ್ಲಿ ಇಲ್ಲ. ಕಾಡಿನ ರಕ್ಷಣೆ ಬೇರೆ ದಾರಿಯಲ್ಲಿ ಬರುತ್ತದೆ: ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ, ವನ್ಯಜೀವಿ ಮಂಡಳಿ, ಪರಿಸರ ಅನುಮತಿ. ಅವೆಲ್ಲ ನಿಂತಿರುವುದು ನಕ್ಷೆಯ ಗೆರೆಯ ಮೇಲೆ. ಗೆರೆ ಜರುಗುತ್ತದೆ. ಬನ್ನೇರುಘಟ್ಟದ ವಲಯ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಆಯಿತು. ರಕ್ಷಿತ ಪ್ರದೇಶದ ಹತ್ತಿರದ ಯೋಜನೆಗಳು ಕೇಂದ್ರದ ಪರಿಶೀಲನೆಗೆ ಹೋಗಬೇಕು ಅನ್ನುವ ದೂರ ಮೊದಲು 10 ಕಿಲೋಮೀಟರ್ ಇತ್ತು, 2014ರಲ್ಲಿ 5 ಮಾಡಿದರು.

ಆದರೆ ನಮ್ಮ ಕಡತದಲ್ಲೂ ಒಂದು ಒಳ್ಳೆಯ ಅಂಶ ಇದೆ, ಜಾಸ್ತಿ ಜನ ಗಮನಿಸಿಲ್ಲ. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ ಎರಡು ಕಾಲಂ ಇವೆ. ಒಂದು ಊರು, ಕೈಗಾರಿಕೆಗೆ. ಇನ್ನೊಂದು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ. ಸಲ್ಫರ್ ಡೈಆಕ್ಸೈಡ್ ವಾರ್ಷಿಕ ಮಿತಿ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 20. ನೈಟ್ರೋಜನ್ ಡೈಆಕ್ಸೈಡ್‌ಗೆ 40, ಅಲ್ಲಿ 30. ದೂಳಿಗೆ ಮಾತ್ರ ಎರಡೂ ಕಡೆ ಒಂದೇ. ಕಲ್ಲು ಕ್ವಾರಿ, ಕ್ರಷರ್‌ಗಳ ನಾಡಿನಲ್ಲಿ ಕಾಡಿನಂಚಿಗೆ ಬೇಕಾಗಿದ್ದದ್ದೇ ದೂಳಿನ ಮಿತಿ ಅಲ್ವಾ?

ನನ್ನ ಗೆಳೆಯರ ಪಟ್ಟಿಯಲ್ಲಿ ಅರಣ್ಯ ಇಲಾಖೆಯವರಿದ್ದೀರಿ, ಮಂಡಳಿಯಲ್ಲಿ ಕೆಲಸ ಮಾಡಿದವರೂ ಇದ್ದೀರಿ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟದ ಸುತ್ತ ಸಮ್ಮತಿ ಕೊಡುವಾಗ ಆ ಎರಡನೇ ಕಾಲಂ ತೆಗೆದು ನೋಡಿದ ಕಡತ ಯಾವುದಾದರೂ ನಿಮ್ಮ ಕೈಮೇಲೆ ಹೋಗಿದೆಯಾ? ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಸಾಹೇಬರ ಅಭಿಪ್ರಾಯ ಕೇಳಿದ್ದು ಅರ್ಜಿ ಬಂದಾಗಲೋ, ಸಮ್ಮತಿ ಟೈಪಾದ ಮೇಲೋ? ಹೆಸರು ಬೇಡ, ಕ್ರಮ ಹೇಗಿತ್ತು ಅಂತ ಹೇಳಿ ಸಾಕು.