ಸತ್ಯಾಂಶ: ಗಾಳೀಲಿ ಮೂಡೋ ಸ್ಕ್ರೀನು, ಪೆನ್ನಿನ ಕಂಪ್ಯೂಟರ್

ತುಮಕೂರಲ್ಲಿರೋ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಆ ಫಾರ್ವರ್ಡ್ ಮತ್ತೆ ಬಂತು. ಪೆನ್ನಿನಂಥ ಕಂಪ್ಯೂಟರನ್ನ ಮೇಜಿನ ಮೇಲೆ ನಿಲ್ಲಿಸಿದ್ರೆ ಗಾಳೀಲೇ ಸ್ಕ್ರೀನ್ ಮೂಡುತ್ತೆ, ಕೈ ಆಡಿಸಿದ್ರೆ ಸಾಕು, ಇನ್ಮೇಲೆ ಕೀಬೋರ್ಡು ಮೌಸು ಬೇಡವೇ ಬೇಡ ಅಂತ. ಇದು ನಿಜ ಅಲ್ಲ. ಆ ಪೆನ್ನುಗಳು 2003ರಲ್ಲಿ ಜಿನೀವಾದ ಒಂದು ಪ್ರದರ್ಶನದಲ್ಲಿ ತೋರಿಸಿದ ಬರೀ ಐಡಿಯಾ ಅಷ್ಟೇ, ಅಂಗಡಿಗೆ ಬರಲೇ ಇಲ್ಲ.

ಕಳಿಸಿದ ಚಿಕ್ಕಪ್ಪಂದು ತಪ್ಪೇನಿಲ್ಲ, ಫೋಟೋ ನೋಡಿದ್ರೆ ಯಾರಾದ್ರೂ ನಂಬ್ತಾರೆ. ಆದ್ರೆ ಪೆನ್ನಿಂದ ಬಿಟ್ಟ ಬೆಳಕಲ್ಲಿ ಚಿತ್ರ ಕಾಣ್ಬೇಕಂದ್ರೆ ಅದು ಯಾವುದಕ್ಕಾದ್ರೂ ಬಡಿದು ನಮ್ಮ ಕಣ್ಣಿಗೆ ಬರ್ಬೇಕು, ಟಾಕೀಸಲ್ಲಿ ಪರದೆ ಇರೋದೇ ಅದಕ್ಕೆ. ಕರೆಂಟ್ ಹೋದಾಗ ಟಾರ್ಚ್ ಹಾಕಿ ನೋಡಿ, ಗೋಡೆ ಮೇಲೆ ಬೆಳಕು ಕಾಣುತ್ತೆ, ಮಧ್ಯದ ಗಾಳೀಲಿ ಧೂಳೋ ಹೊಗೆನೋ ಇದ್ರೆ ಮಾತ್ರ ಏನಾದ್ರೂ ಕಾಣೋದು.

ಹಾಗಂತ ಕೈಸನ್ನೆ ಪೂರ್ತಿ ಸುಳ್ಳಲ್ಲ. ಕೈಕಾಲು ಆಡಿಸಿ ಆಟ ಆಡೋ ಕಿನೆಕ್ಟ್ ಕ್ಯಾಮೆರಾ 2010ರಲ್ಲೇ ಬಂತು, 2017ರಲ್ಲಿ ಅದರ ತಯಾರಿಕೆ ನಿಂತೋಯ್ತು. ಈಗ ಕನ್ನಡಕದ ಥರ ಕಣ್ಣಿಗೆ ಕಟ್ಕೊಂಡು ನೋಡೋ ವಿಆರ್ ಹೆಡ್‌ಸೆಟ್‌ಗಳಲ್ಲಿ ಕೈಸನ್ನೆ ಇದೆ, ಗ್ಲೌಸ್ ಹಾಕಿರೋ ಸರ್ಜನ್ನುಗಳು ಏನೂ ಮುಟ್ಟದೇ ಸ್ಕ್ಯಾನ್ ನೋಡೋಕೆ ಇದು ನಿಜವಾಗ್ಲೂ ಉಪಯೋಗ ಆಗುತ್ತೆ, ನನಗೆ ಇದರ ಭವಿಷ್ಯ ಕಾಣೋದೂ ಅಂಥ ಕಡೆನೇ. ದಿನವಿಡೀ ಟೈಪಿಂಗಿಗಂತೂ ಕಷ್ಟ, ಹತ್ತು ನಿಮಿಷ ಕೈ ಎತ್ತಿ ಹಿಡಿದ್ರೆ ಭುಜ ನೋಯೋಕೆ ಶುರುವಾಗುತ್ತೆ.

ಮುಂದಿನ ಸಲ ಇಂಥದ್ದು ಬಂದ್ರೆ ಫೋಟೋನ ಗೂಗಲ್ ಲೆನ್ಸಿಗೆ ಹಾಕಿ, ಎಷ್ಟು ಹಳೇದು ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತೆ. ಮಾಡೆಲ್ ಹೆಸರು, ರೇಟು, ಎಲ್ಲಿ ಸಿಗುತ್ತೆ ಅನ್ನೋದು ಮೆಸೇಜಲ್ಲಿ ಇದೆಯಾ ಅಂತಾನೂ ನೋಡಿ.